ಎದೆಲ್ಮಿರಾ ಅತ್ತೆಯ ಚಾರ್ಜಿನ ಬೀರು

ನಮ್ಮ ಮನೆಗೆ ಯಾರೇ ಬರಲಿ, ಕೂರುವ ಮೊದಲು ಕೈಯಲ್ಲಿರುವ ಫೋನನ್ನು ಎದೆಲ್ಮಿರಾ ಅತ್ತೆಗೆ ಒಪ್ಪಿಸಬೇಕು. ಅತ್ತೆ ಅದನ್ನು ಉಟ್ಟ ಬಟ್ಟೆಯ ಅಂಚಿಗೆ ಒರೆಸಿ, ಹಿಂದೆ ಮುಂದೆ ತಿರುಗಿಸಿ, ಜ್ವರ ನೋಡುವವಳಂತೆ ಕೆನ್ನೆಗೆ ಒತ್ತಿಕೊಂಡು ಬಿಸಿ ಇದೆಯೇ ಎಂದು ನೋಡುತ್ತಾಳೆ. ಬಿಸಿ ಇದ್ದರೆ ಸ್ವಲ್ಪ ಹೊತ್ತು ಹೊರಗೆ. ಇಲ್ಲದಿದ್ದರೆ ಗಾಜಿನ ಬೀರುವಿನಲ್ಲಿ ಚಾರ್ಜಾಗಲು ಅದಕ್ಕೊಂದು ಜಾಗ, ಬಂದವರ ಕೈಗೊಂದು ತಗಡಿನ ಬಿಲ್ಲೆ. ಬಿಲ್ಲೆ ಕೊಡದೆ ಫೋನು ವಾಪಸ್ ಇಲ್ಲ. ಪಾದ್ರಿಗೂ ಅದೇ ನಿಯಮ, ಸ್ವಂತ ಸೋದರ ಸೊಸೆಯಾದ ನನಗೂ ಅದೇ ನಿಯಮ. ಒಂದೇ ಮನೆಯಲ್ಲಿ ಇದೆಂಥಾ ಬಿಲ್ಲೆ ಅಂತ ನಾನು ಎಷ್ಟೋ ಸಲ ಸಿಡುಕಿದ್ದೇನೆ. ಅವಳ ಉತ್ತರ ಒಂದೇ: "ಮನೆಯವರೇ ಮೊದಲು ಕಳ್ಕೊಳ್ಳೋದು."

ಹಾಗನ್ನುವುದಕ್ಕೆ ಅವಳಿಗೆ ಅಧಿಕಾರವಿದೆ. ಕೊಲ್ಲಿಯ ದಂಡೆಯ ನಮ್ಮ ಸಿಯೆನ್‌ಫ್ವೆಗೋಸ್ ಪೇಟೆಯ ದೊಡ್ಡ ಅಂಗಡಿಗಳಲ್ಲಿ ಚೀಲ ಹಿಡಿದು ಒಳಗೆ ಹೋಗುವ ಹಾಗಿಲ್ಲ, ಬಾಗಿಲ ಪಕ್ಕದ ಗೂಡಿನಲ್ಲಿ ಕೊಟ್ಟು ಬಿಲ್ಲೆ ಪಡೆದು ಹೋಗಬೇಕು. ಅಂಥ ಒಂದು ಗೂಡಿನೊಳಗೆ ಅತ್ತೆ ಹದಿನೆಂಟನೆಯ ವಯಸ್ಸಿನಿಂದ ಮೊಣಕಾಲು ಸೋಲುವ ತನಕ ನಿಂತಳು. ಮೊಟ್ಟೆ ಇರುವ ಚೀಲ ಮೇಲೆ, ಒದ್ದೆ ಚೀಲ ಕೆಳಗೆ, ಇಬ್ಬರು ಜಗಳಗಂಟಿ ನೆರೆಯವರ ಚೀಲಗಳು ಒಂದಕ್ಕೊಂದು ತಾಗದ ಹಾಗೆ. ಊರಿನ ಜನರನ್ನು ಅವಳು ಮುಖದಿಂದ ಗುರುತಿಸುತ್ತಿರಲಿಲ್ಲ. "ಯಾರು, ಆ ಕೈ ಹರಿದ ಹಸಿರು ಚೀಲದವಳಾ?" ಎನ್ನುತ್ತಿದ್ದಳು. ಗೂಡು ಮುಚ್ಚಿದ ದಿನ ಅಂಗಡಿಯವರು ಹಳೆಯ ಬಿಲ್ಲೆಗಳನ್ನು ಕಸಕ್ಕೆ ಹಾಕಲು ಹೊರಟಾಗ ಅತ್ತೆ ಮಡಿಲು ತುಂಬಿಕೊಂಡು ಮನೆಗೆ ತಂದಳು.

ಒರೆಸ್ತೆಸ್ ಮಾವ ಅವಳಿಗೆ ಸಿಕ್ಕಿದ್ದು ಆ ಗೂಡಿನಲ್ಲೇ. ಆಗಿನ್ನೂ ಅವನು ಬಸ್ಸಿನ ಡ್ರೈವರ್, ಬಿಡುವಾದಾಗಲೆಲ್ಲ ಕೊಲ್ಲಿಯ ದಂಡೆಯಲ್ಲಿ ಗಾಳ ಹಾಕಿ ಕೂರುವವ. ಒಂದು ಮಧ್ಯಾಹ್ನ ಗೋಣಿಚೀಲವೊಂದನ್ನು ಗೂಡಿನಲ್ಲಿಟ್ಟು ಸೋಪು ಕೊಳ್ಳಲು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಚೀಲ ತಾನಾಗಿಯೇ ನಡೆಯತೊಡಗಿತು. ಅತ್ತೆ ಕಿರುಚಲಿಲ್ಲ. ಕಾಲಿನಿಂದ ಅದುಮಿ ಹಿಡಿದು ನಿಂತಳು. ಮಾವ ಹೊರಬಂದಾಗ, "ನಿಮ್ಮ ಏಡಿ ನನ್ನ ಕಾಲ್ಬೆರಳು ಹಿಡ್ಕೊಂಡಿದೆ. ಬಿಲ್ಲೆ ಕೊಡಿ, ಆಮೇಲೆ ಬಿಡಿಸಿ," ಎಂದಳಂತೆ. ಮಾವನ ಬಳಿ ಬಿಲ್ಲೆ ಇರಲಿಲ್ಲ, ಎಲ್ಲೋ ಬೀಳಿಸಿದ್ದ. ಬಿಲ್ಲೆ ಹುಡುಕಿ ತರುವ ತನಕ ಅವಳು ಏಡಿಯನ್ನೂ ಬಿಡಿಸಿಕೊಳ್ಳಲಿಲ್ಲ, ಚೀಲವನ್ನೂ ಕೊಡಲಿಲ್ಲ. ಇಂಥವಳನ್ನು ಮದುವೆಯಾಗುವವನಿಗೆ ಮೊದಲೇ ತಿಳಿದಿರಬೇಕಿತ್ತು.

ಮದುವೆ ಚೆನ್ನಾಗಿಯೇ ನಡೆಯಿತು, ಮಾವನ ಬಸ್ಸು ಸಾಂತಾ ಕ್ಲಾರಾ ಎಂಬ ಊರಿನ ದಾರಿ ಹಿಡಿಯುವ ತನಕ. ಅಲ್ಲೊಬ್ಬಳು ಬಟ್ಟೆ ಹೊಲಿಯುವವಳಿದ್ದಳು. ಮಾವನ ಅಂಗಿಯ ಗುಂಡಿಗಳು ಇದ್ದಕ್ಕಿದ್ದಂತೆ ಭದ್ರವಾಗತೊಡಗಿದವು. ಒಂದು ಬೆಳಿಗ್ಗೆ ಅವನು ಪೆಟ್ಟಿಗೆ ಕಟ್ಟಿದಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತು ಹೋಗಬೇಡ ಎಂದು ಕೇಳಿಕೊಂಡಳು. ಅವಳು ಯಾರನ್ನಾದರೂ ಏನನ್ನಾದರೂ ಕೇಳಿಕೊಂಡದ್ದು ಅದೊಂದೇ ಸಲ. ಮಾವ ಹೋದ. ಮಳೆಗಾಲ ಮುಗಿಯುವಷ್ಟರಲ್ಲಿ ಹೊಲಿಗೆಯವಳೂ ಅವನನ್ನು ಬಿಚ್ಚಿ ಬಿಸಾಕಿದ್ದಳು, ಪೆಟ್ಟಿಗೆ ಹಿಡಿದು ವಾಪಸ್ ಬಂದ. ನಮ್ಮಲ್ಲಿ ಗಂಡ ಹೆಂಡಿರು ಬೇರೆಯಾಗುವುದು ಸುಲಭ, ಬೇರೆ ಮನೆ ಸಿಗುವುದು ಕಷ್ಟ. ಮನೆ ಇಬ್ಬರ ಹೆಸರಲ್ಲೂ ಇತ್ತು. ಆದ್ದರಿಂದ ವಿಚ್ಛೇದನವಾದ ಮೇಲೆ ಮನೆಯನ್ನೇ ಎರಡು ಮಾಡಿದರು. ಊಟದ ಕೋಣೆಯ ನಡುವೆ ಗೋಡೆ ಎದ್ದಿತು. ಗೋಡೆಯಲ್ಲಿ ಒಂದು ಬಾಗಿಲಿನಷ್ಟು ಜಾಗ ಮುಚ್ಚಲು ಇಟ್ಟಿಗೆ ಸಾಲದೆ ಹೋದಾಗ ಅತ್ತೆ ತನ್ನ ತಾಯಿಯ ಪಿಂಗಾಣಿ ಪಾತ್ರೆಗಳ ಗಾಜಿನ ಬೀರುವನ್ನು ಅಲ್ಲಿಗೆ ತಳ್ಳಿ ನಿಲ್ಲಿಸಿದಳು. ಗಾಜು ಇವಳ ಕಡೆಗೆ, ಬೆನ್ನು ಅವನ ಕಡೆಗೆ.

ನನ್ನಪ್ಪ, ಅಂದರೆ ಅತ್ತೆಯ ತಮ್ಮ, ತೀರಿಕೊಂಡ ಮೇಲೆ ಚಿಕ್ಕವಳಿದ್ದ ನಾನು ಈ ಮನೆಗೆ ಬಂದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರಿಬ್ಬರೂ ಬೇರೆ ಬೇರೆ ಉಂಡು ಬೇರೆ ಬೇರೆ ಮಲಗಿದ್ದರಿಂದ ಅದು ಮುಗಿಯಲೇ ಇಲ್ಲ. ಮಾತೆಲ್ಲ ನನ್ನ ಮೂಲಕ. "ಯಾನೆಲಿಸ್, ಅವನಿಗೆ ಹೇಳು, ಅವನ ರೇಡಿಯೊ ನನ್ನ ತಲೆ ತಿನ್ತಿದೆ." "ಯಾನೆಲಿಸ್, ನಿಮ್ಮತ್ತೆಗೆ ಹೇಳು, ರೇಡಿಯೊ ಕೇಳ್ದೆ ಇದ್ರೆ ಅವಳ ಪಾತ್ರೆ ಸದ್ದು ಕೇಳ್ಬೇಕಾಗುತ್ತೆ." ನಾನು ಎರಡು ಬೀದಿ ಸುತ್ತಿ ಹೋಗಿ ಹೇಳಿ ಬರಬೇಕು. ನಮ್ಮದು ಮೂಲೆ ಮನೆ. ಅತ್ತೆಯ ಬಾಗಿಲು ಮುಂದಿನ ಬೀದಿಗೆ, ಮಾವನದು ಪಕ್ಕದ ಬೀದಿಗೆ.

ಆಗ ಯಾರಿಗೂ ಗೊತ್ತಿರಲಿಲ್ಲ, ಆ ಎರಡು ಬೀದಿಗಳು ಎರಡು ಲೋಕ ಎಂದು. ಗೊತ್ತಾದದ್ದು ಕರೆಂಟು ಕೈಕೊಡಲು ಶುರುವಾದಾಗ. ಮುಂದಿನ ಬೀದಿಯ ಲೈನು ಬೆಳಿಗ್ಗೆ ಹೋದರೆ ಸಂಜೆ, ಸಂಜೆ ಹೋದರೆ ದೇವರೇ ಬಲ್ಲ. ಪಕ್ಕದ ಬೀದಿಯದು ಹೆರಿಗೆ ಆಸ್ಪತ್ರೆಯ ಲೈನು, ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಹೀಗೆ ಒಂದೇ ಸೂರಿನ ಕೆಳಗೆ ಅತ್ತೆ ಬೀಸಣಿಗೆ ಹಿಡಿದು ಬೆವರುತ್ತಿದ್ದರೆ ಗೋಡೆಯಾಚೆ ಮಾವನ ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಅತ್ತೆಗೆ ಸೆಖೆಗಿಂತ ಆ ಸದ್ದೇ ಹೆಚ್ಚು ಸುಡುತ್ತಿತ್ತು ಎಂದು ನನ್ನ ಅನುಮಾನ.

ಒಂದು ಮಧ್ಯಾಹ್ನ ಬೀರುವಿನ ಬೆನ್ನಿಗೆ ಟಕಟಕ ಬಡಿದ ಸದ್ದಾಯಿತು.

"ಯಾನೆಲಿಸ್, ನಿಮ್ಮತ್ತೆಗೆ ಹೇಳು," ಎಂದ ಮಾವ ಆಚೆಯಿಂದ. "ಬೀರು ಹಿಂದಿನ ಹಲಗೆ ಗೆದ್ದಲು ತಿಂದಿದೆ. ಒಂದು ತೂತು ಮಾಡಿದ್ರೆ ನನ್ನ ಕಡೆಯಿಂದ ವೈರು ಬರುತ್ತೆ."

ಅತ್ತೆ ನನ್ನ ಪಕ್ಕದಲ್ಲೇ ಕೂತಿದ್ದಳು. "ಅವನಿಗೆ ಹೇಳು, ಇದು ನಮ್ಮಮ್ಮನ ಬೀರು. ತೂತು ಗೀತು ಅಂದ್ರೆ ಕೈ ಮುರೀತೀನಿ ಅಂತ."

"ತೂತು ಬೇಡ ಅಂದ್ರೆ ಇಡೀ ಹಲಗೇನೇ ತೆಗೀತೀನಿ ಅಂತ ಹೇಳು."

"ನಾನು ಯಾರಿಗೂ ಏನೂ ಹೇಳಲ್ಲ," ಎಂದೆ. "ನಿಮ್ಮಿಬ್ರಿಗೂ ಕಿವಿ ಇದೆ. ಬಾಯಿ ಅಂತೂ ಇದ್ದೇ ಇದೆ."

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗಿದ್ದು ಸಾಕು ಎಂದು ಎದ್ದು ಹೋಗಿ ಹಿತ್ತಲಲ್ಲಿ ಕೂತೆ. ಹಿತ್ತಲಿಗೂ ಎಲ್ಲ ಕೇಳಿಸುತ್ತಿತ್ತು, ಅದು ಬೇರೆ ಮಾತು. ಆಮೇಲೆ ಅತ್ತೆ, ವರ್ಷಗಳ ನಂತರ ಮೊದಲ ಸಲ, ನೇರ ಅವನಿಗೇ ಹೇಳಿದಳು: "ಹಲಗೆ ತೆಗಿ. ಆದ್ರೆ ಆ ಕಡೆಗೂ ಬಾಗಿಲು ಹಾಕಿಸ್ಬೇಕು. ನಿನ್ನ ಮನೆ ಕೊಳೆ ನನ್ನ ಕಣ್ಣಿಗೆ ಬೀಳ್ಬಾರದು."

ಹಾಗೆ ಆ ಬೀರುವಿಗೆ ಎರಡೂ ಕಡೆ ಬಾಗಿಲಾಯಿತು. ಪಿಂಗಾಣಿ ಪಾತ್ರೆಗಳು ಅತ್ತೆಯ ಮಂಚದ ಕೆಳಗೆ ಹೋದವು. ಮಾವ ಉದ್ದನೆಯ ಪ್ಲಗ್ಗಿನ ಹಲಗೆಯೊಂದನ್ನು ನಡುವಿನ ಖಾನೆಗೆ ಮೊಳೆ ಹೊಡೆದು ಕೂರಿಸಿದ. ಉಳಿದದ್ದೆಲ್ಲ ಅತ್ತೆಯ ರಾಜ್ಯ. ಭಾರದ ಚಾರ್ಜಿನ ಫ್ಯಾನು ಕೆಳಗೆ. ಅದರ ಮೇಲೆ ದೀಪಗಳು, ಕತ್ತು ಹೊರಗಡೆಗೆ. ಫೋನುಗಳು ಮೇಲಿನ ಖಾನೆಯಲ್ಲಿ, ತಟ್ಟೆಗಳನ್ನು ಒರಗಿಸಿಡುತ್ತಿದ್ದ ಗೀರುಗಳಲ್ಲೇ ನೆಟ್ಟಗೆ ನಿಲ್ಲುತ್ತವೆ. ಒಂದರ ಮೇಲೊಂದು ಮಲಗಿಸುವ ಹಾಗಿಲ್ಲ, ಬಿಸಿಯಾಗುತ್ತದೆ. ನಾನು ಹೊಟ್ಟೆಪಾಡಿಗೆ ಹೆಂಗಸರ ಉಗುರಿಗೆ ಬಣ್ಣ ಹಾಕುವವಳು. ಬಣ್ಣ ಒಣಗಿಸುವ ನನ್ನ ಪುಟ್ಟ ದೀಪಕ್ಕೂ ಅಲ್ಲೊಂದು ಮೂಲೆ ಸಿಕ್ಕಿತು. ಒಂದೊಂದು ವೈರಿನ ಎರಡು ತುದಿಗೂ ಒಂದೇ ಬಣ್ಣದ ದಾರ, ಸುತ್ತಿ ಕಟ್ಟಲು ಹಳೆಯ ಕಾಲುಚೀಲ ಕತ್ತರಿಸಿದ ಪಟ್ಟಿ. ತುಂಬಿದ ದೀಪವನ್ನು ಕೂಡಲೇ ಎಬ್ಬಿಸಿ ಅದರ ಜಾಗಕ್ಕೆ ಹಸಿದದ್ದನ್ನು ಕೂರಿಸಬೇಕು. ಹಸಿದದ್ದು, ಉಂಡದ್ದು, ಇವು ಅತ್ತೆಯ ಮಾತುಗಳು. ಬ್ಯಾಟರಿ ಖಾಲಿ ಎಂದು ಅವಳ ಬಾಯಲ್ಲಿ ನಾನು ಕೇಳಿಲ್ಲ.

ಮುಂದಿನ ಬೀದಿಯವರೂ ಒಬ್ಬೊಬ್ಬರಾಗಿ ಬರತೊಡಗಿದರು. ಅತ್ತೆ ಯಾರಿಗೂ ಇಲ್ಲ ಎನ್ನಲಿಲ್ಲ. ಬಂದವರೆಲ್ಲ ಕರೆಂಟು ಮಾವನದು ಎಂಬುದನ್ನು ಮರೆತು ಎದೆಲ್ಮಿರಾಳಿಗೆ ಪುಣ್ಯ ಬರಲಿ ಎನ್ನುತ್ತಿದ್ದರು. ಗೋಡೆಯಾಚೆ ಮಾವ, "ಪುಣ್ಯ ಅವಳಿಗೆ, ಬಿಲ್ಲು ನನಗೆ," ಎಂದು ಗೊಣಗುತ್ತಿದ್ದ. ಗೊಣಗಿದನೇ ಹೊರತು ವೈರು ಕೀಳಲಿಲ್ಲ.

ಇನ್ನೊಂದು ಸಂಗತಿ ನನ್ನ ಕಣ್ಣಿಗೆ ಬೀಳಲು ತಡವಾಯಿತು. ಹಗಲಿರುಳೂ ಕರೆಂಟಿರುವ ಈ ಮನುಷ್ಯ ತನ್ನ ಗಡ್ಡದ ಯಂತ್ರ, ಮೀನು ಹಿಡಿಯಲು ತಲೆಗೆ ಕಟ್ಟುವ ದೀಪ, ಪುಟ್ಟ ರೇಡಿಯೊ ಎಲ್ಲವನ್ನೂ ತಂದು ನಮ್ಮ ಸಾಲಿನಲ್ಲೇ ನಿಲ್ಲಿಸುತ್ತಿದ್ದ. ಅವನ ಗೋಡೆಯ ತುಂಬ ಪ್ಲಗ್ಗುಗಳಿವೆ. ಕೇಳಿದರೆ ಅವೆಲ್ಲ ಸಡಿಲ ಎನ್ನುತ್ತಿದ್ದ.

"ಬಿಲ್ಲೆ ಎಲ್ಲಿ?" ಅತ್ತೆ ಗಾಜಿನ ಕಡೆಯಿಂದ.

"ಇಲ್ಲೇ ಎಲ್ಲೋ ಇತ್ತು."

"ಗಡ್ಡ ಬಿಟ್ಕೊಂಡು ಓಡಾಡು. ಸಿಕ್ಕಿದ ಮೇಲೆ ಬಾ."

"ಎದೆಲ್ಮಿರಾ, ನನ್ನ ಕರೆಂಟು, ನನ್ನ ಯಂತ್ರ."

"ನನ್ನ ಬೀರು."

ಹೀಗೆ ಮಾವ ಎಷ್ಟೋ ದಿನ ಅರ್ಧ ಗಡ್ಡದಲ್ಲಿ ದಂಡೆಗೆ ಹೋದದ್ದುಂಟು. ಆದರೆ ಹೋಗುವ ಮುನ್ನ ಬೀರುವಿನ ಬಾಗಿಲು ತೆರೆದು, ದೀಪಗಳ ನಡುವಿನಿಂದ ಇಣುಕಿ, "ಹೋಗ್ಬರ್ತೀನಿ," ಎನ್ನುತ್ತಿದ್ದ. ಅತ್ತೆ ತಲೆ ಎತ್ತುತ್ತಿರಲಿಲ್ಲ. ಅವನು ಬರುವ ತನಕ ಆ ಕೋಣೆ ಬಿಟ್ಟು ಏಳುತ್ತಲೂ ಇರಲಿಲ್ಲ. ನನಗೆ ಆಗ ಹೊಳೆದದ್ದನ್ನು ಬಾಯಿಬಿಟ್ಟು ಹೇಳಿದ್ದರೆ ಇಬ್ಬರೂ ಸೇರಿ ನನ್ನನ್ನು ಬೀದಿಗಟ್ಟುತ್ತಿದ್ದರು. ಅವರಿಗೆ ಒಬ್ಬರನ್ನೊಬ್ಬರು ಬಿಟ್ಟು ಇರಲಾಗುತ್ತಿರಲಿಲ್ಲ, ಅಷ್ಟೆ. ಅದನ್ನು ಒಪ್ಪಿಕೊಳ್ಳಲು ಅವರ ನಡುವೆ ಒಂದು ಫ್ಯಾನು, ನಾಲ್ಕು ದೀಪ, ಊರವರ ಫೋನುಗಳು ಬೇಕಿದ್ದವು.

ಕಳೆದ ಬೇಸಿಗೆಯಲ್ಲಿ ಮಾವನ ಮನೆಗೆ ಗಿರಾಕಿ ಬಂತು. ನಮ್ಮಲ್ಲಿ ಮನೆ ಮಾರುವುದಕ್ಕಿಂತ ಅದಲುಬದಲು ಮಾಡಿಕೊಳ್ಳುವುದೇ ಹಳೆಯ ರೂಢಿ. ರೈದೆಲ್ ಮತ್ತು ಮಾಗಲಿ ಎಂಬ ಗಂಡ ಹೆಂಡಿರು ಹಣ್ಣಿನ ರಸವನ್ನು ಲೋಟಗಳಲ್ಲಿ ಮಂಜುಗಟ್ಟಿಸಿ ಮಾರುವವರು. ಅವರಿಗೆ ಕರೆಂಟು ಹೋಗದ ಮನೆ ಬೇಕು, ಎಷ್ಟು ಚಿಕ್ಕದಾದರೂ ಸರಿ. ಬದಲಿಗೆ ಕೊಡುವುದು ಕೊಲ್ಲಿಯ ದಂಡೆಯಲ್ಲೇ ಇರುವ ಮಹಡಿ ಮನೆ. ಅಡುಗೆ ಕೋಣೆಯ ಕಿಟಕಿಯಿಂದ ನೀರು, ಮಲಗುವ ಕೋಣೆಯ ಕಿಟಕಿಯಿಂದಲೂ ನೀರು. ಮಾವ ಬುದ್ಧಿ ಬಂದಾಗಿನಿಂದ ಬಯಸಿದ್ದು ಅದೊಂದನ್ನೇ. ಸಾಯುವಾಗ ಗೋಡೆ ನೋಡಿಕೊಂಡು ಸಾಯಲಾರೆ, ನೀರು ಕಾಣಬೇಕು ಎನ್ನುತ್ತಿದ್ದ.

ಅವನು ವಿಷಯ ತೆಗೆದಾಗ ಅತ್ತೆ ವೈರೊಂದನ್ನು ಸುತ್ತುತ್ತಿದ್ದಳು. ನಾನು ಕಿಟಕಿಯ ಬಳಿ ಒಬ್ಬಳ ಉಗುರು ತಿದ್ದುತ್ತಿದ್ದೆ.

"ಎದೆಲ್ಮಿರಾ, ಒಂದು ಮಾತು."

"ಹೇಳು."

ಹೇಳಿದ. ಮಹಡಿ, ಕಿಟಕಿ, ನೀರು ಎಲ್ಲ ಹೇಳಿ ನಿಲ್ಲಿಸಿದ. ಅತ್ತೆ ವೈರು ಸುತ್ತಿ ಮುಗಿಸಿ, ಪಟ್ಟಿ ಕಟ್ಟಿ, ಜಾಗದಲ್ಲಿಟ್ಟಳು.

"ಒಳ್ಳೇದಾಯ್ತು," ಎಂದಳು.

"ಅಷ್ಟೇನಾ?"

"ಇನ್ನೇನು? ಬ್ಯಾಂಡ್ ತರಿಸ್ಲಾ?"

ಮಾವನ ಕಡೆಯ ಬಾಗಿಲು ಮೆಲ್ಲನೆ ಮುಚ್ಚಿತು.

ಅವತ್ತಿನಿಂದ ಅತ್ತೆ ಬೀರುವಿನಲ್ಲಿ ಅವನ ಪಾಲು ಬೇರೆ ಮಾಡತೊಡಗಿದಳು. ಮಾವನ ಸಾಮಾನನ್ನೆಲ್ಲ ಒರೆಸಿ, ಅವಕ್ಕೆ ಹೊಸ ಪಟ್ಟಿ ಕಟ್ಟಿ, ಬೂಟಿನ ಪೆಟ್ಟಿಗೆಯೊಂದರಲ್ಲಿ ಹತ್ತಿಯ ಮೇಲೆ ಮಲಗಿಸಿದಳು. ಹೊಸ ಮನೆಯ ಪ್ಲಗ್ಗು ಹೇಗಿರುತ್ತದೋ ಎಂದು ಎಲ್ಲಕ್ಕೂ ಹೊಂದುವ ಪ್ಲಗ್ಗಿನ ಮೂತಿಯೊಂದನ್ನೂ ಯಾರಿಂದಲೋ ತರಿಸಿ ಸೇರಿಸಿದಳು. ಪೆಟ್ಟಿಗೆಯನ್ನು ಬೀರುವಿನ ಮೂಲಕ ಆಚೆ ತಳ್ಳಿದಾಗ ಮಾವ ಎತ್ತಿಕೊಂಡ. ಆದರೆ ಮರುದಿನ ಬೆಳಿಗ್ಗೆ ನೋಡಿದರೆ ಗಡ್ಡದ ಯಂತ್ರ, ತಲೆಯ ದೀಪ, ರೇಡಿಯೊ ಎಲ್ಲ ಮತ್ತೆ ಬೀರುವಿನ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು. ಅತ್ತೆ ಮತ್ತೆ ಪೆಟ್ಟಿಗೆಗೆ ತುಂಬಿದಳು. ಅವು ಮತ್ತೆ ಬಂದವು. ಈ ಆಟ ಒಂದು ವಾರ ನಡೆಯಿತು, ಇಬ್ಬರ ಬಾಯಿಂದಲೂ ಒಂದು ಮಾತಿಲ್ಲ. ನನಗೆ ಮೈ ಉರಿದುಹೋಯಿತು.

"ಹೋಗ್ಬೇಡ ಅನ್ನು ಅತ್ತೆ," ಎಂದೆ. "ಬಾಯಲ್ಲಿ ಹಲ್ಲು ಇನ್ನೂ ಇದಾವಲ್ಲ. ಎರಡು ಶಬ್ದ."

ಅತ್ತೆ ಬೀನ್ಸ್ ಕಾಳು ಆರಿಸುತ್ತಿದ್ದಳು. ಕಲ್ಲು ಒಂದು ಕಡೆ, ಕಾಳು ಒಂದು ಕಡೆ.

"ನಾನಂದ್ರೆ ಅವನು ನಿಲ್ತಾನೆ."

"ಮತ್ತೆ? ಅದೇ ಬೇಕಲ್ಲ ನಿಂಗೆ."

"ನನಗೆ ಬೇಕಾಗಿದ್ದು ಕೇಳಿದ್ಯಾರು? ಈ ವಯಸ್ಸಲ್ಲಿ ಅವನ ಕಿಟಕೀನ ನಾನು ಕಿತ್ಕೊಳ್ಲಾ?" ಕಾಳುಗಳನ್ನು ಬೆರಳಿನಿಂದ ಸರಿಸುತ್ತ ಇನ್ನೂ ಮೆಲ್ಲಗೆ ಹೇಳಿದಳು, "ಮತ್ತೆ, ಒಂದು ಸಲ ಕೇಳಿದ್ದೆ. ಬಾಗಿಲಿಗೆ ಅಡ್ಡ ನಿಂತು ಕೇಳಿದ್ದೆ. ಇನ್ನೊಂದು ಸಲ ಹಾಗೆ ನಿಲ್ಲೋ ಶಕ್ತಿ ನನಗಿಲ್ಲ ಯಾನೆಲಿಸ್."

ಅವಳ ಕೈಯಿಂದ ಕಲ್ಲುಗಳು ಕಾಳಿನ ಕಡೆಗೇ ಹೋಗುತ್ತಿದ್ದವು. ಆ ರಾತ್ರಿಯ ಊಟದಲ್ಲಿ ನನ್ನ ಹಲ್ಲಿಗೆ ಎರಡು ಸಿಕ್ಕವು. ಹಿಂದೆಂದೂ ಅವಳ ಅಡುಗೆಯಲ್ಲಿ ಹಾಗಾಗಿರಲಿಲ್ಲ.

ಮಾಗಲಿ ಕೊನೆಯ ಸಲ ಮನೆ ನೋಡಲು ಬೇಕೆಂದೇ ನಮ್ಮ ಬೀದಿಯ ಕರೆಂಟು ಹೋದ ಹೊತ್ತು ಆರಿಸಿಕೊಂಡು ಬಂದಳು. ಜಾಣೆ. ಮಾತಿನ ಮೇಲೆ ನಂಬಿಕೆ ಇಟ್ಟು ಮನೆ ಬದಲಿಸುವವಳಲ್ಲ. ಸುಡುವ ಮಧ್ಯಾಹ್ನ. ನಮ್ಮ ಕಡೆ ಚಾರ್ಜಿನ ಫ್ಯಾನೂ ಹಸಿದು ಬೀರು ಸೇರಿ ಆಗಲೇ ಬಹಳ ಹೊತ್ತಾಗಿತ್ತು. ಅತ್ತೆ ಬೀರುವಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು, ನಾನು ನೆಲದಲ್ಲಿ. ಆಚೆ ಕಡೆಯ ಒಂದೊಂದು ಮಾತೂ ಕೇಳುತ್ತಿತ್ತು. ಅವರು ಫ್ರಿಜ್ಜು ತೆರೆದರು, ಮಂಜುಗಡ್ಡೆ ಮುಟ್ಟಿದರು, ದೀಪ ಹಾಕಿ ತೆಗೆದರು.

"ನೋಡಿದೆಯಾ? ಮುಂದಿನ ಬೀದೀಲಿ ಕರೆಂಟಿಲ್ಲ, ಇಲ್ಲಿ ಹಬ್ಬ," ಎಂದ ರೈದೆಲ್.

"ಹೂಂ. ಗೋಡೆಗೆ ಸುಣ್ಣ ಹೊಡೆಸ್ಬೇಕು," ಎಂದಳು ಮಾಗಲಿ. ಅವಳ ದನಿ ಹತ್ತಿರವಾಯಿತು. "ಈ ಬಾಗಿಲು ಎಲ್ಲಿಗೆ?"

ಮಾವ ಉತ್ತರಿಸುವ ಮೊದಲೇ ಅವಳು ಬೀರು ತೆರೆದಿದ್ದಳು. ಒಳಗೆ ಎಲ್ಲವೂ ಅದರದರ ಜಾಗದಲ್ಲಿ, ಕೆಂಪು ಹಸಿರು ಚುಕ್ಕಿಗಳು ಮಿನುಗುತ್ತ ಕೂತಿದ್ದವು. ಫ್ಯಾನು, ದೀಪಗಳು, ಸಾಲಾಗಿ ಫೋನುಗಳು.

"ಇದೇನ್ರೀ?" ಎಂದಳು ಮಾಗಲಿ. "ಕರೆಂಟು ಹೋಗದ ಮನೇಲಿ ಇಷ್ಟೊಂದು ಚಾರ್ಜಿನ ದೀಪ ಯಾಕೆ?"

"ಫ್ಯಾನು ಬೇರೆ," ಎಂದ ರೈದೆಲ್, ದನಿ ಬದಲಾಗಿತ್ತು. "ಯಜಮಾನ್ರೇ, ನಾವೂ ಇದೇ ಊರವರು. ಕರೆಂಟಿರೋ ಮನೇಲಿ ಮೇಣದಬತ್ತೀನೂ ಇಟ್ಟಿರಲ್ಲ. ನೀವು ಇಡೀ ಅಂಗಡೀನೇ ಸಜ್ಜು ಮಾಡಿಟ್ಕೊಂಡಿದೀರಿ. ಅಂದ್ರೆ ಇಲ್ಲೂ ಹೋಗುತ್ತೆ, ಜೋರಾಗೇ ಹೋಗುತ್ತೆ. ಇವತ್ತೊಂದು ದಿನ ನಮ್ಮ ಅದೃಷ್ಟ, ಅಲ್ವಾ?"

ಅವನದು ತಪ್ಪಲ್ಲ. ನಮ್ಮೂರಲ್ಲಿ ಯಾರಾದರೂ ಹಾಗೇ ಯೋಚಿಸುತ್ತಾರೆ. ಬೀರು ಇಷ್ಟು ಒಪ್ಪವಾಗಿರದೆ ದೀಪವೊಂದು ಅಲ್ಲಿ ಇಲ್ಲಿ ಬಿದ್ದಿದ್ದರೆ ಬಹುಶಃ ಕೇಳುತ್ತಲೂ ಇರಲಿಲ್ಲ. ಅತ್ತೆಯ ಅಚ್ಚುಕಟ್ಟೇ ಮಾವನ ಕಿಟಕಿಗೆ ಕಲ್ಲು ಹಾಕುತ್ತಿತ್ತು.

ನಾನು ಅತ್ತೆಯ ಕೈ ಹಿಡಿದೆ. ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದೆ. ಸುಮ್ಮನಿದ್ದರೆ ಸಾಕಿತ್ತು. ಅವಳು ಏನನ್ನೂ ಕೇಳಬೇಕಿರಲಿಲ್ಲ, ಯಾರನ್ನೂ ತಡೆಯಬೇಕಿರಲಿಲ್ಲ. ಆ ಗಂಡ ಹೆಂಡಿರು ಈಗ ಹೊರಟುಹೋಗುತ್ತಿದ್ದರು, ಮಾವ ಇಲ್ಲೇ ಉಳಿಯುತ್ತಿದ್ದ.

ಅತ್ತೆ ನನ್ನ ಕೈ ಬಿಡಿಸಿಕೊಂಡು ಎದ್ದಳು. ಗಾಜಿನ ಬಾಗಿಲು ತೆರೆದಳು.

"ಇವೆಲ್ಲ ನನ್ನವು ಕಣಮ್ಮ," ಎಂದಳು. ದೀಪಗಳ ನಡುವಿನಿಂದ ಮಾಗಲಿ ಬೆಚ್ಚಿ ಇವಳನ್ನು ನೋಡಿದಳು. "ನಾನು ಅವನ ಹಳೇ ಹೆಂಡ್ತಿ. ಈ ಕಡೆ ಬೇರೆ ಲೈನು. ಬಾ ಬೇಕಾದ್ರೆ, ಬಂದು ನೋಡು, ಕರೆಂಟಿಲ್ಲ. ಆ ಮನೇಲಿ ಕರೆಂಟು ಹೋಗಿದ್ದು ನಾನು ಕಂಡೇ ಇಲ್ಲ. ಗಟ್ಟಿ ಮನೆ, ನೀನು ಧೈರ್ಯವಾಗಿ ತಗೋ. ಅವನಿಗೆ ನೀರು ಕಾಣೋ ಕಿಟಕಿ ಬೇಕು."

ದನಿ ಎಲ್ಲೂ ತಪ್ಪಲಿಲ್ಲ. ಚೀಲದ ಗೂಡಿನಲ್ಲಿ ನಿಂತು ಮಾತಾಡಿದ ಹಾಗೇ ಇತ್ತು. ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು, ಅಂಗಿಯೆಲ್ಲ ಬೆವರಿನಿಂದ ಒದ್ದೆಯಾಗಿತ್ತು.

ಮಾಗಲಿಯ ಮುಖ ಸಡಿಲವಾಯಿತು. "ಅಯ್ಯೋ, ಹಾಗಾ," ಎಂದು ಗಂಡನ ಕಡೆ ತಿರುಗಿದಳು.

ಆಗ ಮಾವ ಬಾಯಿಬಿಟ್ಟ.

"ಹೋಗುತ್ತೆ," ಎಂದ.

"ಏನು?"

"ಕರೆಂಟು. ಇಲ್ಲೂ ಹೋಗುತ್ತೆ. ದಿನಾ ಹೋಗುತ್ತೆ."

"ಒರೆಸ್ತೆಸ್," ಎಂದಳು ಅತ್ತೆ.

"ನಿನ್ನೆ ಇಡೀ ದಿನ ಇರ್ಲಿಲ್ಲ. ಮೊನ್ನೆ ಫ್ರಿಜ್ಜಲ್ಲಿದ್ದ ಮೀನೆಲ್ಲ ಕೆಟ್ಟು ಬೆಕ್ಕಿಗೆ ಹಾಕಿದೆ. ಆ ದೀಪಗಳಲ್ಲಿ ಅರ್ಧ ನನ್ನವೇ. ಅವಳು ಪಾಪ, ನನಗೆ ಒಳ್ಳೇದಾಗ್ಲಿ ಅಂತ ಹೇಳ್ತಿದಾಳೆ, ನಂಬ್ಬೇಡಿ."

"ಸುಳ್ಳು," ಎಂದಳು ಅತ್ತೆ. "ಆ ಬೀದೀಲಿ ಆಸ್ಪತ್ರೆ ಇದೆ ಕಣಮ್ಮ, ಅಲ್ಲಿ ಹೋಗೋ ಹಾಗೇ ಇಲ್ಲ. ಇವನಿಗೆ ಸುಳ್ಳು ಹೇಳೋಕೂ ನೆಟ್ಟಗೆ ಬರಲ್ಲ."

"ಆಸ್ಪತ್ರೇಲಿ ಜನರೇಟರ್ ಇದೆ," ಎಂದ ಮಾವ.

ರೈದೆಲ್ ತಲೆ ಕೆರೆದುಕೊಂಡ. ಮಾಗಲಿ ಒಮ್ಮೆ ಮಾವನನ್ನು, ಒಮ್ಮೆ ಅತ್ತೆಯನ್ನು ನೋಡಿದಳು.

"ಮನೆ ಕೊಡೋನು ಹೋಗುತ್ತೆ ಅಂತಾನೆ, ಪಕ್ಕದ ಮನೆಯೋಳು ಹೋಗಲ್ಲ ಅಂತಾಳೆ," ಎಂದಳು ಮಾಗಲಿ. ಅವಳಿಗೆ ನಿಜವಾಗಿ ಸಿಟ್ಟು ಬಂದಿತ್ತು. "ನಾವೇನು ಕೆಲ್ಸ ಇಲ್ದೆ ಬಿಸಿಲಲ್ಲಿ ಅಲೀತಿದೀವಾ? ಮೊದ್ಲು ನೀವಿಬ್ರೂ ಕೂತು ಮಾತಾಡ್ಕೊಳ್ಳಿ. ಆಮೇಲೆ ಊರವರನ್ನ ಕರೀರಿ. ನಡೀರಿ ರೈದೆಲ್."

ಹೊರಬಾಗಿಲು ಬಡಿದ ಸದ್ದಾಯಿತು. ಆಮೇಲೆ ಫ್ರಿಜ್ಜಿನ ಗುಂಯ್ ಒಂದೇ.

ಅತ್ತೆ ಬೀರುವಿನ ಚೌಕಟ್ಟು ಹಿಡಿದು ನಿಂತಿದ್ದಳು. ಆಚೆ ಮಾವ ನಿಂತಿದ್ದ, ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ಕೈ ಎಲ್ಲಿಡುವುದೆಂದು ತಿಳಿಯದೆ.

"ಹುಚ್ಚು ಹಿಡಿದಿದೆಯಾ ನಿನಗೆ?" ಎಂದಳು. "ಜೀವಮಾನವೆಲ್ಲ ಕಿಟಕಿ ಕಿಟಕಿ ಅಂದೆ. ಬಾಗಿಲಿಗೆ ಬಂದಿದ್ದನ್ನ ಒದ್ದುಬಿಟ್ಟೆ."

"ಆ ಕಿಟಕೀಲಿ ಕೂತು ಯಾರ ಹತ್ರ ಬೈಸ್ಕೊಳ್ಲಿ?"

ಅತ್ತೆ ವಾರೆಯಾಗಿದ್ದ ದೀಪವೊಂದನ್ನು ನೆಟ್ಟಗೆ ಮಾಡಿದಳು.

"ನೀನು ಕೇಳ್ತೀಯೇನೋ ಅಂತ ಕಾದೆ," ಎಂದ ಮಾವ. "ದಿನಾ ನನ್ನ ಸಾಮಾನು ವಾಪಸ್ ತಂದಿಟ್ಟೆ. ಇವತ್ತು ಕೇಳ್ತಾಳೆ, ನಾಳೆ ಕೇಳ್ತಾಳೆ ಅಂತ. ನೀನು ಮತ್ತೆ ಪೆಟ್ಟಿಗೆಗೆ ತುಂಬಿ ಕಳಿಸ್ದೆ."

"ಒಂದು ಸಲ ಕೇಳಿದ್ದೆ."

"ಗೊತ್ತು." ಅವನು ತಲೆ ತಗ್ಗಿಸಿದ. "ಆವತ್ತು ನಾನು ನಿಲ್ಬೇಕಿತ್ತು, ಎದೆಲ್ಮಿರಾ."

ನಾನು ಈ ಮನೆಯಲ್ಲಿ ಬೆಳೆದವಳು. ಅವರಿಬ್ಬರ ಮಾತನ್ನು ಬೀದಿ ಸುತ್ತಿ ಹೊತ್ತು ತಂದವಳು. ಆ ಒಂದು ಮಾತನ್ನು ಮಾತ್ರ ಅವನು ಎಂದೂ ನನ್ನ ಕೈಗೆ ಕೊಟ್ಟು ಕಳಿಸಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ, ಬಾಯಿಗೆ ಬಟ್ಟೆ ಒತ್ತಿಕೊಂಡೆ.

ಅತ್ತೆ ಎರಡು ದೀಪಗಳನ್ನು ಪಕ್ಕಕ್ಕೆ ಸರಿಸಿದಳು. ಅವುಗಳ ಜಾಗ ತಪ್ಪಿದ್ದನ್ನು ಅವಳು ನೋಡಲೂ ಇಲ್ಲ. ಬೀರುವಿನ ಆಚೆಗೆ ಕೈ ಚಾಚಿ ಅವನ ಅಂಗಿಯ ತೋಳು ಹಿಡಿದಳು.

"ಹೋಗ್ಬೇಡ ಒರೆಸ್ತೆಸ್."

"ಅವರು ಆಗ್ಲೇ ಹೋದ್ರಲ್ಲ. ಈಗ ಕೇಳಿ ಏನು ಬಂತು?"

"ಅವರು ಹೋದ್ರೋ ಬಿಟ್ರೋ ನನಗೆ ಬೇಡ. ನಾನು ಕೇಳ್ತಿದೀನಿ. ಹೋಗ್ಬೇಡ."

"ಇಲ್ಲ," ಎಂದ ಮಾವ. "ಹೋಗಲ್ಲ."

ಅತ್ತೆ ತೋಳು ಬಿಡಲಿಲ್ಲ. ಸಂಜೆ ನಮ್ಮ ಕಡೆಗೂ ಕರೆಂಟು ಬಂದು, ಬೀದಿಯವರೆಲ್ಲ ಕೂಗಿಕೊಂಡು ಫೋನು ಕೇಳಲು ಬಾಗಿಲಿಗೆ ಬಂದರು. ಒಳಗೆ ಬರಬೇಡಿ, ಆಮೇಲೆ ಬನ್ನಿ ಎಂದು ನಾನೇ ಅವರನ್ನು ಹೊರಗೆ ನಿಲ್ಲಿಸಿದೆ.